ಹನ್ನೆರಡು ನಂಬರಿನ ರಾಡು

ಪೀಣ್ಯದಲ್ಲಿ ವೆಲ್ಡಿಂಗ್ ಮಾಡಿಸಲು ಬಂದವನನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲ. ಮುರಿದ ಗೇಟು, ಸೀಳಿದ ನೀರಿನ ಟ್ಯಾಂಕಿ, ಲಾರಿಯ ಹಿಂಬಾಗಿಲು ಹಿಡಿದುಕೊಂಡು ದಿನವಿಡೀ ಜನ ಬರುತ್ತಲೇ ಇರುತ್ತಾರೆ. ಆದರೆ ‘ನಾನೇ ಮಾಡ್ತೀನಿ, ಮೆಷೀನೂ ತಂದಿದ್ದೀನಿ’ ಎಂದು ಒಬ್ಬ ಬಂದರೆ ಕತೆ ಬೇರೆ. ಎರಡನೇ ಸ್ಟೇಜಿನ ಆ ಗಲ್ಲಿಯಲ್ಲಿ ಲೇತಿನವನು ಲೇತು ನಿಲ್ಲಿಸಿ ಬಂದ. ಪೌಡರ್ ಕೋಟಿಂಗಿನವರು ಮುಖಕ್ಕೆ ಕಟ್ಟಿದ್ದ ಬಟ್ಟೆ ಇಳಿಸಿಕೊಂಡು ಬಂದರು. ಟೀ ತಂದ ಹುಡುಗ ಫ್ಲಾಸ್ಕು ಕೆಳಗಿಟ್ಟು, ಒಳ್ಳೆಯ ಜಾಗ ನೋಡಿ ಕೂತೇಬಿಟ್ಟ.

ಗಾಡಿ ಯೆಜ್ಡಿ ರೋಡ್‌ಕಿಂಗ್, ನನ್ನ ಮಾವನವರದು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿದ್ದು, 1996ರಲ್ಲಿ ಬಾಗಿಲು ಹಾಕಿದ್ದು, ಕಿಕ್ ಹೊಡೆದ ಕಡ್ಡಿಯನ್ನೇ ಮಡಚಿ ಗೇರು ಹಾಕುವ ಚಮತ್ಕಾರ, ಜೋಡಿ ಸೈಲೆನ್ಸರಿನ ಸದ್ದು, ಇದನ್ನೆಲ್ಲ ನಾನು ವಿವರಿಸಹೊರಟರೆ ಮೈಸೂರಿನವರು ನಗುತ್ತಾರೆ. ಮಾವನವರು ತೀರಿಕೊಂಡ ಮೇಲೆ ಅದು ಸೀಬೆಮರದ ಕೆಳಗೆ ಮಳೆಗಾಲಗಳನ್ನು ಕಳೆಯಿತು. ಗುಜರಿಗೆ ಹಾಕುವುದೆಂದು ಮನೆಯವರೆಲ್ಲ ಒಪ್ಪಿ ಎದ್ದೇಳುವ ಹೊತ್ತಿಗೆ ನಾನು, ಯಾರೂ ಕೇಳದಿದ್ದರೂ, ‘ಬೇಡ, ನಾನು ಸರಿ ಮಾಡ್ತೀನಿ’ ಎಂದೆ. ‘ಅಪ್ಪ ಇದ್ದಾಗ ಒಂದು ದಿನಾನೂ ಅದನ್ನ ಒರೆಸಿದವರಲ್ಲ ನೀವು’ ಎಂದಳು ಹೆಂಡತಿ. ನಿಜವೇ. ಅವರು ಯಾರಿಗೂ ಒರೆಸಲು ಬಿಡುತ್ತಿರಲಿಲ್ಲ ಎನ್ನುವುದೂ ನಿಜ.

ಇಂಜಿನ್ನಿಗೆ ಏನೂ ಆಗಿರಲಿಲ್ಲ. ಕೆಟ್ಟಿದ್ದು ಫ್ರೇಮು, ಅದೂ ಬ್ಯಾಟರಿ ಕೂರುವ ಜಾಗದ ಕೆಳಗೆ. ವರ್ಷಗಟ್ಟಲೆ ತೊಟ್ಟಿಕ್ಕಿದ ಆಸಿಡ್ಡು ಮೊದಲು ಬಣ್ಣವನ್ನು ತಿಂದಿತ್ತು, ಬಣ್ಣ ಹೋದಮೇಲೆ ಮಳೆ ಕಬ್ಬಿಣವನ್ನು ತಿಂದಿತ್ತು. ಫ್ರೇಮು ಕೊಳವೆಯದಾದ್ದರಿಂದ ಹೊರಗಿನ ತುಕ್ಕಷ್ಟೇ ಕಣ್ಣಿಗೆ ಬೀಳುತ್ತದೆ. ಒಳಗಿನದು ಬೀಳುವುದಿಲ್ಲ. ನಾನು ಕೆಲಸ ಮಾಡುವುದು ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಹಗಲೆಲ್ಲ ಇನ್ನೊಬ್ಬರು ಬರೆದ ಹಳೆಯ ಕೋಡಿನ ಮೇಲೆ ತೇಪೆ ಹಾಕುವುದೇ ನನ್ನ ಉದ್ಯೋಗ. ಹೀಗಾಗಿ ಕಬ್ಬಿಣಕ್ಕೆ ತೇಪೆ ಹಾಕುವುದೇನು ಮಹಾ ಎಂಬ ಧೈರ್ಯವಿತ್ತು. ವಿಡಿಯೋಗಳಲ್ಲಿ ಬಿಳಿ ಗಡ್ಡದವರು ನೀಟಾಗಿ ಎಳೆಯುತ್ತಿದ್ದ ವೆಲ್ಡಿಂಗ್ ಗೆರೆಗಳನ್ನು ರಾತ್ರಿಯೆಲ್ಲ ನೋಡಿ, ಎಸ್.ಪಿ. ರೋಡಿನಿಂದ ಒಂದು ಇನ್ವರ್ಟರ್ ಮೆಷೀನು, ತಾನೇ ಕಪ್ಪಾಗುವ ಗಾಜಿನ ಹೆಲ್ಮೆಟ್ಟು, ಮೊಣಕೈವರೆಗಿನ ಚರ್ಮದ ಗ್ಲೌಸು ತಂದೆ.

ಶುರು ಮಾಡಿದ್ದು ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ. ಗ್ರೈಂಡರಿನಿಂದ ಒಂದು ಗಂಟೆ ತುಕ್ಕು ಉಜ್ಜಿದ್ದೆ, ಅಷ್ಟೆ. ಗ್ರೈಂಡರಿನಿಂದ ಹಾರುವ ಕಬ್ಬಿಣದ ಪುಡಿ ಹತ್ತಿರದ ಕಾರುಗಳ ಮೇಲೆ ಕೂತು, ತೇವ ತಗುಲಿದರೆ ಅಲ್ಲಲ್ಲೇ ತುಕ್ಕು ಹಿಡಿಯುತ್ತದೆ. ಅಸೋಸಿಯೇಷನ್ನಿನ ಕಾರ್ಯದರ್ಶಿಯ ಕಾರು ಬಿಳಿಯದು. ಎರಡು ದಿನ ಬಿಟ್ಟು ಅವರು ಫೋನಿನಲ್ಲಿ ಕೆಂಪು ಚುಕ್ಕೆಗಳನ್ನು ದೊಡ್ಡದು ಮಾಡಿ ತೋರಿಸಿದರು, ಇನ್ನೂ ದೊಡ್ಡದು ಮಾಡಿ ತೋರಿಸಿದರು, ಆಮೇಲೆ ಲಿಫ್ಟಿನೊಳಗೆ ನೋಟೀಸು ಅಂಟಿಸಿದರು. ಹೆಸರಿರಲಿಲ್ಲ. ‘ಕೆಲವು ನಿವಾಸಿಗಳು’ ಎಂದಿತ್ತು. ನಿವಾಸಿಗಳು ಮಾತ್ರ ನನ್ನನ್ನೇ ನೋಡುತ್ತಿದ್ದರು.

ಉಳಿದಿದ್ದು ಪೀಣ್ಯದ ನನ್ನ ಭಾಮೈದ. ಗೇಟು, ಗ್ರಿಲ್ಲು, ಗೋಡೌನಿನ ರ‍್ಯಾಕು ಮಾಡುವ ಶೆಡ್ಡು ಅವನದು. ‘ಭಾವ, ನಿಮ್ಮಾಫೀಸಿಗೆ ಬಂದು ನಾನು ಕೋಡ್ ಬರೀತೀನಾ? ಗಾಡಿ ಬಿಟ್ಟು ಹೋಗಿ, ನಮ್ಮ ಮೇಸ್ತ್ರಿ ಅರ್ಧ ಗಂಟೇಲಿ ಮಾಡಿ ಬಿಸಾಕ್ತಾರೆ’ ಎಂದ. ಆ ‘ಬಿಸಾಕ್ತಾರೆ’ ನನಗೆ ಹಿಡಿಸಲಿಲ್ಲ.

ಬಿಚ್ಚಿದ ಫ್ರೇಮನ್ನು ಲಗೇಜ್ ಆಟೋಗೆ ಹಾಕಿಕೊಂಡು ರಿಂಗ್ ರೋಡಿನಲ್ಲಿ ಹೊರಟೆವು. ಸುಮನಹಳ್ಳಿ ಮೇಲ್ಸೇತುವೆ ಹತ್ತುವಾಗ ನನಗೆ ಒಂದು ಬಗೆಯ ಸಮಾಧಾನ. 2019ರಲ್ಲಿ ಅದರಲ್ಲೂ ತೂತು ಬಿದ್ದಿತ್ತು. ಮುಚ್ಚಿದ ಮೇಲೆ 2022ರಲ್ಲಿ ಇನ್ನೊಂದು ಬಿತ್ತು. ಮುಂದೆ ತುಮಕೂರು ರಸ್ತೆಗೆ ಬಂದರೆ ಪೀಣ್ಯದ ಮೇಲ್ಸೇತುವೆ. 102 ಮತ್ತು 103ನೇ ಕಂಬಗಳ ನಡುವಿನ ಕೇಬಲ್ಲುಗಳಿಗೆ ತುಕ್ಕು ಹಿಡಿದಿದೆಯೆಂದು 2021ರ ಡಿಸೆಂಬರ್ 25ರಂದು ಅದನ್ನು ಮುಚ್ಚಿದ್ದು, ದೊಡ್ಡ ಲಾರಿಗಳನ್ನು ಮತ್ತೆ ಬಿಡುವಷ್ಟರಲ್ಲಿ 2024ರ ಜುಲೈ ಬಂದಿತ್ತು. ಅಷ್ಟೂ ಕಾಲ ಲಾರಿಗಳು ಕೆಳಗೆ, ಗೊರಗುಂಟೆಪಾಳ್ಯದಿಂದ ಎಂಟನೇ ಮೈಲಿವರೆಗೆ ಹಾರ್ನು ಹೊಡೆಯುತ್ತ ನಿಂತಿದ್ದವು. ಆ ಸೇತುವೆ ಶುರುವಾಗಿದ್ದು 2010ರಲ್ಲಿ. ನಮ್ಮ ಯೆಜ್ಡಿ ಅದಕ್ಕಿಂತ ಕಾಲು ಶತಮಾನ ಹಿರಿಯದು, ಆಸಿಡ್ಡು ಕುಡಿದು, ಸೀಬೆಮರದ ಕೆಳಗೆ ನೆನೆದು, ಇಷ್ಟು ದಿನ ತಾಳಿತ್ತು. ತುಕ್ಕಿನ ವಿಷಯದಲ್ಲಿ ಲಿಫ್ಟಿನೊಳಗೆ ನೋಟೀಸು ಬಿದ್ದಿದ್ದು ಮಾತ್ರ ನನಗೆ.

ಮೇಸ್ತ್ರಿ ಫ್ರೇಮನ್ನು ಎರಡು ಸ್ಟೂಲುಗಳ ಮೇಲೆ ಇಡಿಸಿ, ಸ್ಪ್ಯಾನರಿನಿಂದ ತಟ್ಟುತ್ತ ಬಂದರು. ಗಟ್ಟಿ ಇದ್ದ ಕಡೆ ಠಣ್ ಎಂದಿತು, ಸತ್ತ ಕಡೆ ಡಬ್ ಎಂದಿತು. ‘ಒಳ್ಳೆ ಕಬ್ಬಿಣ ಸಿಗೋವರೆಗೂ ಉಜ್ಜಿ ಸಾರ್. ತುಕ್ಕಿನ ಮೇಲೆ ವೆಲ್ಡಿಂಗ್ ಕೂರಲ್ಲ’ ಎಂದರು. ಉಜ್ಜಿದೆ. ಬಟಾಣಿಯಷ್ಟಿದ್ದ ತೂತು ಹುಣಸೆಬೀಜದಷ್ಟಾಯಿತು, ಹೆಬ್ಬೆರಳಿನಷ್ಟಾಯಿತು, ಒಳ್ಳೆಯ ಕಬ್ಬಿಣ ಇನ್ನೂ ಮುಂದೆಲ್ಲೋ ಇತ್ತು. ಕೊಳವೆಯೊಳಗಿಂದ ಮಣ್ಣು ಉದುರಿತು, ಕಣಜ ಕಟ್ಟಿದ್ದ ಗೂಡು. ಮೇಸ್ತ್ರಿ ಅದನ್ನು ಅಂಗೈಯಲ್ಲಿ ಹಿಡಿದು ನೋಡಿ, ‘ಇದು ಹಿಡ್ಕೊಂಡಿತ್ತು ಇಷ್ಟು ದಿನ. ಅದನ್ನೂ ತೆಗೆದುಬಿಟ್ರಲ್ಲ’ ಎಂದರು.

ತೂತಿಗೆ ಒಂದು ಮುಚ್ಚಳ ಕತ್ತರಿಸಿ ಕೂರಿಸಿದ್ದಾಯಿತು. ಇನ್ನು ವೆಲ್ಡಿಂಗು. ಕೊಳವೆ ತೆಳು, ಹಾಗಾಗಿ ಹನ್ನೆರಡು ನಂಬರಿನ ರಾಡು, ಅಂದರೆ ಎರಡೂವರೆ ಮಿಲಿಮೀಟರಿನದು, ಆಂಪಿಯರು ಎಪ್ಪತ್ತು. ಹೆಚ್ಚು ಕರೆಂಟು ಕೊಟ್ಟರೆ ಕಬ್ಬಿಣ ಕರಗಿ ತೂತು, ಕಮ್ಮಿ ಕೊಟ್ಟರೆ ರಾಡು ಅಂಟಿಕೊಳ್ಳುತ್ತದೆ. ತೂತುಗಳು ನನಗೆ ಸಾಕಾಗಿದ್ದವು, ಐವತ್ತಕ್ಕೆ ಇಳಿಸಿದೆ. ಮೆಷೀನಿನ ಡಬ್ಬದ ಮೇಲೆ ‘ಆಂಟಿ ಸ್ಟಿಕ್’ ಎಂದು ಬರೆದಿದ್ದುದನ್ನು ಮೇಸ್ತ್ರಿಗೆ ತೋರಿಸಿದೆ. ‘ಡಬ್ಬಕ್ಕೆ ಅಂಟಲ್ಲ ಬಿಡಿ’ ಎಂದರು.

ಹೆಲ್ಮೆಟ್ಟು ಇಳಿಸಿದೆ. ರಾಡಿನ ತುದಿ ಫ್ರೇಮಿಗೆ ಮುಟ್ಟಿಸಿದೆ. ಚಟ್ ಎಂದು ಒಂದು ಕಿಡಿ ಎದ್ದಿತು, ಅಷ್ಟೆ, ರಾಡು ಅಲ್ಲೇ ನಿಂತಿತು. ಎಳೆದೆ. ಬರಲಿಲ್ಲ. ಇನ್ನಷ್ಟು ಎಳೆದೆ. ಫ್ರೇಮೇ ಸ್ಟೂಲಿನ ಮೇಲಿಂದ ಒಂದಿಂಚು ನನ್ನ ಕಡೆ ಜರುಗಿತು. ‘ಅಲ್ಲಾಡ್ಸಿ ಸಾರ್’ ಎಂದ ಲೇತಿನವನು. ಅಲ್ಲಾಡಿಸಿದೆ. ಫ್ರೇಮು ಅಲ್ಲಾಡಿತು. ‘ಎಡಕ್ಕೆ ತಿರುಗ್ಸಿ.’ ತಿರುಗಿಸಿದೆ. ‘ನಿಮ್ಮ ಎಡ ಅಲ್ಲ, ಅದರ ಎಡ.’ ರಾಡಿನ ಎಡ ಯಾವುದು? ಹೆಲ್ಮೆಟ್ಟಿನೊಳಗೆ ನನಗೆ ಕಾಣುತ್ತಿದ್ದುದು ಹಸಿರು ಮಬ್ಬು, ಅದರ ನಡುವೆ ಮೆಲ್ಲಗೆ ಕೆಂಪಾಗುತ್ತಿದ್ದ ಒಂದು ಕಡ್ಡಿ. ಅಂಟಿಕೊಂಡ ರಾಡಿನಲ್ಲಿ ಕರೆಂಟು ಹರಿಯುತ್ತಲೇ ಇರುವುದರಿಂದ ರಾಡೇ ಕಾಯತೊಡಗುತ್ತದೆ. ಒಂದಡಿ ಉದ್ದದ ಕಡ್ಡಿ ಕೆಳಗಿನಿಂದ ಮೇಲಕ್ಕೆ ಕೆಂಪೇರುತ್ತ ನನ್ನ ಕೈಯ ಕಡೆಗೇ ಬರುತ್ತಿತ್ತು. ಹೆಲ್ಮೆಟ್ಟು ಎತ್ತಿದೆ. ಬಗ್ಗಿದ ಕೂಡಲೇ ಅದು ತಾನಾಗಿ ಬಿತ್ತು. ಮತ್ತೆ ಎತ್ತಿದೆ. ಮತ್ತೆ ಬಿತ್ತು. ‘ಬಿಡಿ ಸಾರ್, ಬಿಡಿ’ ಎಂದರು ಮೇಸ್ತ್ರಿ. ಅವರು ಹೇಳಿದ್ದು ಹೋಲ್ಡರಿನ ಹಿಡಿ ಒತ್ತಿ ರಾಡನ್ನು ಬಿಡಿ ಎಂದು. ನನಗೆ ಅರ್ಥವಾಗಿದ್ದು ಈ ಪ್ರಯತ್ನವನ್ನೇ ಬಿಡಿ ಎಂದು, ಹಾಗಾಗಿ ಅವಮಾನವಾಗಿ ಇನ್ನೂ ಭದ್ರವಾಗಿ ಹಿಡಿದುಕೊಂಡೆ. ಕಾಲನ್ನು ಸ್ಟೂಲಿಗೆ ಒತ್ತಿ ನಿಲ್ಲಿಸಿ, ಎರಡೂ ಕೈಯಲ್ಲಿ ಹೋಲ್ಡರು ಹಿಡಿದು, ಹಿಂದಕ್ಕೆ ಒರಗಿದೆ. ಇಡೀ ಗಲ್ಲಿ ಉಸಿರು ಹಿಡಿದಿತ್ತು. ‘ಅರ್ತು ಕಿತ್ತಾಕ್ರೋ’ ಎಂದು ಯಾರೋ ಕೂಗಿದರು. ಭಾಮೈದ ಮೇನ್ ಸ್ವಿಚ್ಚಿನ ಕಡೆ ಓಡಿದ. ಟೀ ಹುಡುಗ, ಈ ಗದ್ದಲದಲ್ಲೂ ತನ್ನ ವ್ಯಾಪಾರ ಮರೆಯದೆ, ‘ಸಾರ್, ನಿಮ್ ಟೀ ಆರೋಗ್ತೈತೆ’ ಎಂದ. ಅದೇ ಕ್ಷಣಕ್ಕೆ ರಾಡು ಕಿತ್ತು ಬಂತು. ನಾನು ಗೋಡೆಗೆ ಒರಗಿಸಿದ್ದ ಗ್ರಿಲ್ಲುಗಳ ಮೇಲೆ ಬಿದ್ದೆ. ಎದ್ದು ನೋಡಿದರೆ ರಾಡಿನ ತುದಿಯಲ್ಲಿ ನಾನು ಕೂರಿಸಿದ್ದ ಮುಚ್ಚಳ ಇತ್ತು, ಎಂಥ ಭದ್ರವಾದ ವೆಲ್ಡಿಂಗು ಅಂದರೆ ಆಮೇಲೆ ಅದನ್ನು ಬಿಡಿಸಲು ಉಳಿ ಬೇಕಾಯಿತು.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಕರೆಂಟು ಏರಿಸಿದೆ, ಹೊಸ ತೂತುಗಳಾದವು. ಇಳಿಸಿದೆ, ಅಂಟಿತು. ಮಧ್ಯಾಹ್ನದ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಸಂಡಿಗೆ ಇಟ್ಟ ಹಾಗೆ ಕಬ್ಬಿಣದ ಗುಡ್ಡೆಗಳು ಕೂತವು. ಮೇಸ್ತ್ರಿ ಊಟ ಮುಗಿಸಿ ಬಂದು, ಒಂದು ಮಾತೂ ಆಡದೆ ನಾನು ಮುಟ್ಟಿದ್ದ ಭಾಗವನ್ನು ಪೂರ್ತಿ ಕತ್ತರಿಸಿ ತೆಗೆದರು. ಠಣ್ ಎನ್ನುವ ಜಾಗದವರೆಗೂ ಹಿಂದೆ ಹೋಗಿ, ಒಳಗೊಂದು ಸಣ್ಣ ಕೊಳವೆ ತೂರಿಸಿ, ಮೇಲೆ ಹೊಸ ಕೊಳವೆ ಕೂರಿಸಿ, ನಾಲ್ಕು ಕಡೆ ಟ್ಯಾಕ್ ಹಾಕಿ, ಅಳತೆ ನೋಡಿ, ಸುತ್ತ ವೆಲ್ಡ್ ಮಾಡಿದರು. ಅರ್ಧ ಗಂಟೆ. ಬಿಸಾಕಲಿಲ್ಲ, ರೆಡ್ ಆಕ್ಸೈಡೂ ಹೊಡೆದರು. ನನ್ನ ಮುಖ ನೋಡಿ ಏನನ್ನಿಸಿತೋ, ಟೂಲ್ ಬಾಕ್ಸಿನ ಕೊಂಡಿಯೊಂದನ್ನು ತೋರಿಸಿ, ‘ಇದನ್ನ ನೀವು ಹಾಕಿ ಸಾರ್, ಇದರ ಮೇಲೆ ಭಾರ ಇಲ್ಲ’ ಎಂದರು. ಹಾಕಿದೆ. ನಿಂತಿತು.

ಅವತ್ತು ರಾತ್ರಿ ಒಂದು ಗಂಟೆಗೆ ಕಣ್ಣಿಗೆ ಮರಳು ತುಂಬಿದಂತಾಗಿ ಎದ್ದೆ. ಹೆಲ್ಮೆಟ್ಟು ಎತ್ತಿ ಎತ್ತಿ ನೋಡಿದ್ದರ ಫಲ. ವೆಲ್ಡಿಂಗಿನ ನೇರಳಾತೀತ ಕಿರಣ ಕಣ್ಣಿನ ಹೊರಪದರವನ್ನು ಸುಡುತ್ತದೆ, ಆಗ ಗೊತ್ತಾಗುವುದಿಲ್ಲ, ಗಂಟೆಗಳು ಕಳೆದ ಮೇಲೆ ಉರಿ ಹತ್ತುತ್ತದೆ. ಕಣ್ಣು ಬಿಡಲಾರೆ, ಮುಚ್ಚಲಾರೆ, ನೀರು ಧಾರಾಕಾರ. ಹೆಂಡತಿ ಗಾಬರಿಯಾಗಿ ತಮ್ಮನಿಗೆ ಫೋನು ಮಾಡಿದಳು. ಅವನು ನಿದ್ದೆಗಣ್ಣಿನಲ್ಲೇ, ‘ಆಲೂಗಡ್ಡೆ ಹೆಚ್ಚಿ ಇಡಕ್ಕಾ, ಬೆಳಿಗ್ಗೆ ಹೊತ್ತಿಗೆ ಹೋಗತ್ತೆ. ಇಲ್ಲಿ ಹುಡುಗ್ರಿಗೆ ದಿನಾ ಇದೇ’ ಎಂದ. ಡಾಕ್ಟರು ಮಾರನೆಯ ದಿನ ಡ್ರಾಪ್ಸು ಬರೆದುಕೊಟ್ಟು, ಎರಡು ದಿನ ಪರದೆ ನೋಡಬೇಡಿ ಎಂದರು. ಆಫೀಸಿನಲ್ಲಿ ರಜೆ ಸಿಕ್ಕಿತು, ವಿಚಾರಿಸುವ ಮೆಸೇಜುಗಳೂ ಬಂದವು.

‘ದಿನಾ ಇದೇ.’ ಶೆಡ್ಡಿನಲ್ಲಿ ರಾಯಚೂರು ಕಡೆಯ ಒಬ್ಬ ಹುಡುಗನಿದ್ದ, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ನಾನು ಬೆಳಗಿನಿಂದ ಚರ್ಮದ ಕವಚದಲ್ಲಿ ನಾಟಕವಾಡುತ್ತಿದ್ದಾಗ ಅವನು ಪಕ್ಕದಲ್ಲಿ ಬರಿಗಣ್ಣಲ್ಲಿ ರ‍್ಯಾಕಿಗೆ ಟ್ಯಾಕ್ ಹಾಕುತ್ತಿದ್ದ. ಯಾಕೆ ಎಂದು ಕೇಳಿದ್ದೆ. ‘ಟ್ಯಾಕ್ ಹಾಕೂ ಮುಂದ ಕಣ್ಣು ಮುಚ್ಚಿದ್ರ ಆತ್ರಿ ಸರ’ ಎಂದು ನಕ್ಕಿದ್ದ. ನಾನೂ ನಕ್ಕಿದ್ದೆ. ಶೀಲ್ಡುಗಳು ಎರಡು ಇದ್ದವು, ಮೊಳೆಗೆ ನೇತಾಡುತ್ತಿದ್ದವು, ಒಂದರ ಗಾಜು ಸೀಳಿತ್ತು. ಭಾಮೈದನಿಗೆ ಫೋನು ಮಾಡಿ ಜಗಳವಾಡಿದೆ. ‘ಕೊಟ್ರೆ ಹಾಕಲ್ಲ ಭಾವ, ಪೀಸ್ ಲೆಕ್ಕ, ಕೆಲಸ ನಿಧಾನ ಆಗತ್ತೆ ಅಂತಾರೆ’ ಎಂದ. ಪೀಸ್ ಲೆಕ್ಕ ಮಾಡಿದ್ದು ಯಾರು ಎಂದೆ. ಲೈನು ಸರಿಯಿಲ್ಲ ಎಂದ. ನನ್ನ ಹೆಲ್ಮೆಟ್ಟನ್ನು ಆ ಹುಡುಗನಿಗೇ ಕೊಡು ಎಂದು ಕಳಿಸಿದೆ. ಆಯುಧಪೂಜೆಗೆ ಹೋದಾಗ ಅದು ಆಫೀಸು ಕೋಣೆಯಲ್ಲಿ, ಇನ್ವರ್ಟರ್ ಮೆಷೀನಿನ ಪಕ್ಕ, ಗಾಜಿಗೆ ಕುಂಕುಮ ಹಚ್ಚಿಸಿಕೊಂಡು, ಸೇವಂತಿಗೆ ಮುಡಿದು ಕೂತಿತ್ತು. ಹುಡುಗ ಕೆಲಸ ಬಿಟ್ಟು ಬೇರೆ ಕಡೆ ಹೋಗಿದ್ದ. ನಾನು ಮಂಡಕ್ಕಿ ತಿನ್ನದೆ ಎದ್ದು ಬಂದೆ. ಹೆಂಡತಿ, ತಮ್ಮನ ಪರವಾಗಿ, ಒಂದು ವಾರ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಗಾಡಿ ಈಗ ಓಡುತ್ತದೆ. ಯಾರೇ ಸಿಕ್ಕರೂ ನಾನು ಸೀಟಿನ ಕೆಳಗೆ ಬಗ್ಗಿಸಿ, ಟೂಲ್ ಬಾಕ್ಸಿನ ಕೊಂಡಿಗೆ ಟಾರ್ಚು ಬಿಟ್ಟು, ‘ಇದು ನಾನೇ ಮಾಡಿದ್ದು’ ಎನ್ನುತ್ತೇನೆ. ಪಕ್ಕದ ಕೊಳವೆಯನ್ನು ಮಾಡಿದ್ದು ಯಾರೆಂದು ಕೇಳಿದರೆ ಮಾತ್ರ ಹೇಳುತ್ತೇನೆ, ಯಾರೂ ಕೇಳುವುದಿಲ್ಲ. ಮೊನ್ನೆ ಬೇಸ್‌ಮೆಂಟಿನಲ್ಲಿ ಕಾರ್ಯದರ್ಶಿಗಳು ಸಿಕ್ಕರು. ಹಳೆಯದನ್ನು ಮರೆತು ಅವರನ್ನೂ ಕರೆದೆ. ಕನ್ನಡಕ ಸರಿಮಾಡಿಕೊಂಡು, ಮೊಣಕಾಲೂರಿ, ಬಹಳ ಹೊತ್ತು ನೋಡಿದರು.

‘ವೆಲ್ಡಿಂಗ್ ಏನೋ ಚೆನ್ನಾಗಿದೆ ಕಣ್ರೀ’ ಎಂದರು, ಮೇಸ್ತ್ರಿಯ ಕೊಳವೆ ಸವರುತ್ತ. ‘ಆದ್ರೆ ಇಲ್ಲಿ ನೋಡಿ, ಯಾರೋ ಚೂಯಿಂಗ್ ಗಮ್ ಅಂಟಿಸಿದ್ದಾರೆ.’ ಕಾರಿನ ಕೀ ತೆಗೆದು ಕೆರೆಯತೊಡಗಿದರು. ನಾನು ಸುಮ್ಮನೆ ನಿಂತಿದ್ದೆ. ಬರಲಿಲ್ಲ. ಕೀ ತಿರುಗಿಸಿ ಹಿಡಿದು ಇನ್ನೂ ಜೋರಾಗಿ ಕೆರೆದರು.