ಸಾಂಸ್ಥಿಕ ಹಿಮ್ಮೇಳ ಮೀಮಾಂಸೆ: ಸೈಬರ್‌ಜಯಾ ಪಾಠ

ಪ್ರಮೇಯ: ಕಂಪನಿಯ ಪರಿಚಯ ವಿಡಿಯೋದಲ್ಲಿ ಹಿನ್ನೆಲೆ ಸಂಗೀತ ಯಾರ ಕಿವಿಗೂ ಬೀಳಕೂಡದು. ಬಿದ್ದರೆ ದೋಷ. ಹಾಗೆಂದು ತೆಗೆದುಹಾಕಿದರೆ, ‘ಏನೋ ಕಮ್ಮಿ ಆಗಿದೆಯಲ್ಲ’ ಎಂದು ಡೈರೆಕ್ಟರಿಂದ ಹಿಡಿದು ಕಾಫಿ ತರುವವನವರೆಗೆ ಎಲ್ಲರಿಗೂ ಗೊತ್ತಾಗುತ್ತದೆ. ಇದ್ದಾಗ ಇಲ್ಲದಂತೆ, ಇಲ್ಲದಾಗ ಇರುವಂತೆ ತೋರುವ ಈ ಪದಾರ್ಥವನ್ನು ನಮ್ಮ ತಾರ್ಕಿಕರು ಹೇಳಿದ ನಾಲ್ಕು ಬಗೆಯ ಅಭಾವಗಳಲ್ಲಿ ಯಾವುದಕ್ಕೂ ಸೇರಿಸಲು ಬಾರದು. ಆದಕಾರಣ ಈ ಪ್ರಬಂಧ.

ಅಧ್ಯಯನಕ್ಕೆ ಆರಿಸಿಕೊಂಡ ಕ್ಷೇತ್ರ ಮಲೇಷ್ಯಾದ ಸೈಬರ್‌ಜಯಾ. ಈ ಆಯ್ಕೆಗೆ ಬಲವಾದ ಕಾರಣವಿದೆ. ಆಗಿನ ಪ್ರಧಾನಿ ಮಹಾತಿರ್ ಮೊಹಮ್ಮದ್ 1997ರ ಜನವರಿಯಲ್ಲಿ ಲಾಸ್ ಏಂಜಲೀಸಿಗೆ ಹೋಗಿ, ತಮ್ಮ ಮಲ್ಟಿಮೀಡಿಯಾ ಸೂಪರ್ ಕಾರಿಡಾರ್ ಎಂಬ ತಂತ್ರಜ್ಞಾನ ವಲಯಕ್ಕೆ ಬನ್ನಿ ಎಂದು ಕಂಪನಿಗಳನ್ನು ಕರೆದರು. ಆ ವಲಯದ ಈ ಊರಿನ ಉದ್ಘಾಟನೆ ಆದದ್ದು ಅದೇ ವರ್ಷದ ಮೇ ತಿಂಗಳಲ್ಲಿ. ಪ್ರೆಸೆಂಟೇಷನ್ ಮೊದಲು, ಊರು ಆಮೇಲೆ. ನಮ್ಮ ಶಾಸ್ತ್ರಕ್ಕೆ ಇದಕ್ಕಿಂತ ಪವಿತ್ರವಾದ ಸ್ಥಳಪುರಾಣ ಬೇರೆ ಸಿಗದು. ಇಂದು ಅಲ್ಲಿ ಬ್ಯಾಂಕು, ಕೊರಿಯರು ಮುಂತಾದ ಕಂಪನಿಗಳ ಸೇವಾ ಕೇಂದ್ರಗಳಿವೆ. ಅಂಥ ಕಡೆ ಹಾಸನದ್ದೋ ದಾವಣಗೆರೆಯದ್ದೋ ಒಬ್ಬ ಇಂಜಿನಿಯರ್ ಇದ್ದರೆ, ವಿಡಿಯೋಗೆ ಮ್ಯೂಸಿಕ್ ಹುಡುಕುವ ಕೆಲಸ ಕೊನೆಗೆ ಅವನ ತಲೆಗೇ ಬರುತ್ತದೆ. ಕಾಲೇಜು ಡೇಯಲ್ಲಿ ಒಮ್ಮೆ ಕೀಬೋರ್ಡ್ ನುಡಿಸಿದ್ದೆ ಎಂದು ಎಂದೋ ಬಾಯಿಬಿಟ್ಟಿರುತ್ತಾನೆ.

ಇತಿಹಾಸ ಭಾಗಕ್ಕೆ ಬರೋಣ. ಸಿದ್ಧವಿರುವ ಮಟ್ಟನ್ನು ಆರಿಸಿ ತರುವುದು ಕೀಳು ಕೆಲಸವೆಂದು ಪೂರ್ವಪಕ್ಷದವರು ಹೇಳಬಹುದು. ಅವರು ಮಲೇಷ್ಯಾದ ರಾಷ್ಟ್ರಗೀತೆಯ ಕತೆ ಓದಲಿ. ಸ್ವಾತಂತ್ರ್ಯದ ಹೊಸ್ತಿಲಲ್ಲಿ ಅಂದಿನ ಮಲಯಾ ಒಂದು ಅಂತರರಾಷ್ಟ್ರೀಯ ಸ್ಪರ್ಧೆ ನಡೆಸಿತು. ಬಂದದ್ದು 514 ರಚನೆ, ಒಪ್ಪಿಗೆಯಾದದ್ದು ಸೊನ್ನೆ. ಬೆಂಜಮಿನ್ ಬ್ರಿಟನ್, ವಿಲಿಯಂ ವಾಲ್ಟನ್ ಅವರಂಥ ಘಟಾನುಘಟಿಗಳನ್ನು ಕೇಳಿದರೂ ಕೆಲಸ ಕೂಡಿಬರಲಿಲ್ಲ. ಕೊನೆಗೆ 1957ರಲ್ಲಿ ದೇಶದ ನಾಯಕ ತುಂಕು ಅಬ್ದುಲ್ ರಹಮಾನ್ ಮನೆಯಲ್ಲೇ ಇದ್ದ ಸರಕಿಗೆ ಕೈಹಾಕಿ, ಪೆರಾಕ್ ಸಂಸ್ಥಾನದ ಗೀತೆಯ ಮಟ್ಟನ್ನು ಎತ್ತಿಕೊಂಡರು. ಅದೇ ಮಟ್ಟು ‘ತೆರಾಂಗ್ ಬುಲಾನ್’ ಎಂಬ ಹೆಸರಿನಲ್ಲಿ ಬೆಳದಿಂಗಳ ಪ್ರೇಮಗೀತೆಯಾಗಿಯೂ ಮನೆಮಾತಾಗಿತ್ತು! ರಾಷ್ಟ್ರಗೀತೆಯಾದ ಮೇಲೆ ಪ್ರೇಮಿಗಳಿಗೆ ಅದನ್ನು ಹಾಡಲು ತಡೆ ಬಿತ್ತು. ಏಕಸ್ವಾಮ್ಯದ ಲೈಸೆನ್ಸ್ ಎಂದರೆ ಇದು. ಮಿಕ್ಕವರು ಆನ್‌ಲೈನ್ ಸಂಗ್ರಹದಿಂದ ಕೊಳ್ಳುವುದು ಎಲ್ಲರಿಗೂ ಮಾರುವ ಸರಕು, ಎದುರು ಕಟ್ಟಡದ ಪ್ರತಿಸ್ಪರ್ಧಿಯ ವಿಡಿಯೋದಲ್ಲೂ ಅದೇ ಟಿಂಗ್ ಟಿಂಗ್ ಕೇಳಿಬಂದರೆ ದೂರುವಂತಿಲ್ಲ. ಅಷ್ಟಕ್ಕೇ ಮುಗಿಯಲಿಲ್ಲ. 1992ರಲ್ಲಿ ಆ ರಾಷ್ಟ್ರಗೀತೆಯ ಗತಿಯನ್ನು ಚುರುಕುಗೊಳಿಸಿದರು, 2003ರಲ್ಲಿ ಮತ್ತೆ ನಿಧಾನಕ್ಕೆ ತಂದರು. ‘ಸ್ವಲ್ಪ ಸ್ಪೀಡ್ ಮಾಡಿ, ಬೇಡ, ಮೊದಲಿನದೇ ಇರಲಿ’ ಎಂದು ಮೇಲ್ ಕಳಿಸುವ ಮ್ಯಾನೇಜರನ್ನು ಬೈಯುವ ಮುನ್ನ ಇದನ್ನು ನೆನೆಯಬೇಕು.

ಶಾಸ್ತ್ರಾಧಾರ ಇನ್ನೂ ಹಳೆಯದು. ನಾಟ್ಯಶಾಸ್ತ್ರದ ಭರತಮುನಿ ರಂಗದ ಹಿನ್ನೆಲೆ ಹಾಡುಗಳಾದ ಧ್ರುವಾಗಳಲ್ಲಿ ಐದು ಬಗೆ ಹೇಳಿದ್ದಾನೆ: ಪ್ರಾವೇಶಿಕೀ, ನೈಷ್ಕ್ರಾಮಿಕೀ, ಆಕ್ಷೇಪಿಕೀ, ಪ್ರಾಸಾದಿಕೀ, ಅಂತರಾ. ಸಿ.ಇ.ಒ. ತೆರೆಗೆ ಬರುವಾಗಿನದು ಪ್ರಾವೇಶಿಕೀ, ಲೋಗೋ ಮರೆಯಾಗುವಾಗಿನದು ನೈಷ್ಕ್ರಾಮಿಕೀ. ಮಾರಾಟ ಬಿದ್ದ ತ್ರೈಮಾಸಿಕದಿಂದ ‘ಮುಂದಿನ ಹೆಜ್ಜೆ’ಗೆ ನೆಗೆಯುವಲ್ಲಿ ಆಕ್ಷೇಪಿಕೀ, ಆ ಕಹಿಯನ್ನು ತಿಳಿಗೊಳಿಸಲು ಪ್ರಾಸಾದಿಕೀ. ಇವುಗಳಲ್ಲಿ ನನಗೆ ಪ್ರಿಯವಾದದ್ದು ಅಂತರಾ. ನಟ ಮೂರ್ಛೆ ಹೋದಾಗ, ತೊಡವು ಜಾರಿದಾಗ, ರಂಗದ ಮೇಲಿನ ಎಡವಟ್ಟನ್ನು ಮುಚ್ಚಲು ಹಾಡುವುದು ಅದು. ‘ನನ್ನ ಸ್ಕ್ರೀನ್ ಕಾಣ್ತಿದೆಯಾ?’ ಎಂಬ ಯುಗಪ್ರಶ್ನೆಯನ್ನು ಮುನಿ ಅಂದೇ ಕಂಡಿದ್ದ. ನಮ್ಮ ಯಕ್ಷಗಾನದ ಭಾಗವತರು ಪಾತ್ರಧಾರಿ ಮಾತು ಮರೆತಾಗ ಪದ ಎತ್ತಿ ಉಳಿಸುವುದೂ ಇದೇ ಸಂಪ್ರದಾಯ. ಭಾಗವತರಿಗೆ ವೇಷದ ಮೇಲೆ ಕಣ್ಣಿರುತ್ತದೆ, ಎಂಪಿ3 ಕಡತಕ್ಕಿಲ್ಲ, ವ್ಯತ್ಯಾಸ ಅಷ್ಟೇ.

ಪಂಥಗಳು ಮೂರು.

ಮಾರ್ಕೆಟಿಂಗ್ ಪಂಥಕ್ಕೆ ವೀರರಸದ ಸ್ಥಾಯಿಯಾದ ಉತ್ಸಾಹ ಬೇಕು, ವೀರ ಮಾತ್ರ ಬೇಡ. ಅವರ ಸೂತ್ರ: ‘ಎನರ್ಜಿ ಇರಲಿ, ಜಾಸ್ತಿ ಬೇಡ.’ ಇದರ ಫಲವೇ ಉಕುಲೇಲಿ, ಚಪ್ಪಾಳೆ ಮತ್ತು ಯಾರೂ ಸಿಳ್ಳೆ ಹಾಕದ ಆಫೀಸಿನ ಚಿತ್ರಕ್ಕೆ ಹಿನ್ನೆಲೆಯಾಗಿ ಒಂದು ಸಿಳ್ಳೆ.

ಲೀಗಲ್ ಪಂಥ ಮೌನವಾದಿ. ಮೌನವೂ ಕ್ಷೇಮವಲ್ಲ ಎಂದು ಅವರಿಗೇ ಯಾರೋ ನೆನಪಿಸಬೇಕು. ವಾದ್ಯಗಾರರು ಮೂರೂ ಭಾಗಗಳಲ್ಲಿ ಏನನ್ನೂ ನುಡಿಸದೆ ಕೂರುವ ‘4′33″’ ಕೃತಿಯನ್ನು ಜಾನ್ ಕೇಜ್ 1952ರಲ್ಲಿ ರಚಿಸಿದ. ಆತ ತೀರಿಕೊಂಡದ್ದು 1992ರಲ್ಲಿ. ಕೃತಿಸ್ವಾಮ್ಯ ಕರ್ತೃವಿನ ಮರಣದ ನಂತರ 50 ವರ್ಷ ಎಂಬ ಮಲೇಷ್ಯಾ ಕಾಯಿದೆಯ ಲೆಕ್ಕ ಹಿಡಿದರೆ 2042ರ ಕೊನೆಯವರೆಗೆ ಮೂರು ಭಾಗಗಳಲ್ಲಿ ಸುಮ್ಮನಿರುವಾಗ ಎಚ್ಚರ ಅಗತ್ಯ.

ಅಪಾಯಕಾರಿ ಪಂಥ ಫೈನಾನ್ಸಿನದು. ರಾಯಲ್ಟಿ ಫ್ರೀ ಎಂದರೆ ಬಿಟ್ಟಿ ಎಂದು ಅವರ ಭಾಷ್ಯ. ಒಮ್ಮೆ ದುಡ್ಡು ಕೊಟ್ಟರೆ ಪ್ರತಿ ಪ್ರದರ್ಶನಕ್ಕೂ ರಾಯಲ್ಟಿ ಕಟ್ಟಬೇಕಿಲ್ಲ ಎಂಬುದಷ್ಟೇ ಅದರ ಅರ್ಥ. ಬಿಟ್ಟಿ ಸಿಗುವ ಕ್ರಿಯೇಟಿವ್ ಕಾಮನ್ಸ್ ಸಂಗೀತದಲ್ಲೂ ‘ವಾಣಿಜ್ಯೇತರ’ ಎಂಬ ಷರತ್ತಿದ್ದರೆ ಮಾರಾಟದ ವಿಡಿಯೋಗೆ ಅದು ವರ್ಜ್ಯ. ‘ಮಾರ್ಪಾಡು ಕೂಡದು’ ಎಂದಿದ್ದರೆ ವಿಡಿಯೋಗೆ ಹೊಂದಿಸಿ ಸೇರಿಸುವುದೂ ಮಾರ್ಪಾಡೇ. ಹಾಗಾದರೆ ಪುರಂದರದಾಸರನ್ನು ಹಾಕೋಣ, ಅವರು 1564ರಲ್ಲೇ ಹರಿಪಾದ ಸೇರಿದರಲ್ಲ ಎಂದು ನಮ್ಮ ಇಂಜಿನಿಯರ್ ಹೇಳಿಯಾನು. ಕೀರ್ತನೆ ಎಲ್ಲರದು, ನಿಜ. ಆದರೆ ಅದನ್ನು ಹಾಡಿದ ರೆಕಾರ್ಡಿಂಗಿಗೆ ಬೇರೆಯೇ ಒಡೆಯರು. ಆ ಹಕ್ಕು ಮಲೇಷ್ಯಾದಲ್ಲಿ 50 ವರ್ಷ, ಭಾರತದಲ್ಲಿ 60 ವರ್ಷ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆ ಮದುವೆ ದಿಬ್ಬಣಕ್ಕೆ ವಿನಾಯಿತಿ ಕೊಟ್ಟಿದೆ. ಹೊಸ ಪ್ರಾಡಕ್ಟನ್ನು ಹಸೆಮಣೆ ಮೇಲೆ ಕೂರಿಸಿದರೂ ಅದು ವಿಡಿಯೋಗೆ ಒದಗುವುದಿಲ್ಲ.

‘ಒಂದು ನಿಮಿಷದ ವಿಡಿಯೋ, ಯಾರು ಕೇಳ್ತಾರೆ?’ ಎನ್ನುವವರಿಗೆ ನಿದರ್ಶನ ನಮ್ಮ ಬೆಂಗಳೂರಿನದೇ. ‘ಕೆಜಿಎಫ್ ಚಾಪ್ಟರ್ 2’ರ ಸಂಗೀತವನ್ನು ಕಾಂಗ್ರೆಸ್ಸಿನ ಭಾರತ್ ಜೋಡೋ ಯಾತ್ರೆಯ ಪ್ರಚಾರ ವಿಡಿಯೋದಲ್ಲಿ ಅನುಮತಿಯಿಲ್ಲದೆ ಬಳಸಲಾಗಿದೆ ಎಂದು ಎಂಆರ್‌ಟಿ ಮ್ಯೂಸಿಕ್ ಕೋರ್ಟಿಗೆ ಹೋಯಿತು. 2022ರ ನವೆಂಬರ್ 7ರಂದು ವಾಣಿಜ್ಯ ನ್ಯಾಯಾಲಯ ಕಾಂಗ್ರೆಸ್ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಾತ್ಕಾಲಿಕವಾಗಿ ತಡೆಹಿಡಿಯಲು ಆದೇಶಿಸಿತು. ಮರುದಿನ ಹೈಕೋರ್ಟು ಆ ವಿವಾದಿತ ವಿಡಿಯೋ ತೆಗೆಯಬೇಕೆಂಬ ಷರತ್ತಿನ ಮೇಲೆ ಆ ಆದೇಶವನ್ನು ರದ್ದುಪಡಿಸಿತು. ಇಡೀ ದೇಶ ನಡೆದು ದಾಟುತ್ತಿದ್ದವರಿಗೂ ಹಿಮ್ಮೇಳ ಕಾಲಿಗೆ ತೊಡರಿತು.

ಇನ್ನು ಸಿದ್ಧಾಂತ. ಸಭಿಕರು ಈ ಸಂಗೀತವನ್ನು ಕೇಳುವುದಿಲ್ಲ, ಮಾಡಿಸಿದವರೂ ಕೇಳುವುದಿಲ್ಲ. ಆದಿಯಿಂದ ಅಂತ್ಯದವರೆಗೆ ಒಂದು ಸ್ವರವನ್ನೂ ಬಿಡದೆ ಕೇಳುವ ರಸಿಕ ಒಬ್ಬನೇ: ಯೂಟ್ಯೂಬ್ 2007ರಲ್ಲಿ ತಂದ ಕಂಟೆಂಟ್ ಐಡಿ ಎಂಬ ಯಂತ್ರ. ಅದಕ್ಕೆ ರಸ, ಭಾವ, ಗತಿ ಯಾವುದೂ ಬೇಡ, ಒಡೆಯ ಯಾರು ಎಂದು ತಿಳಿದರೆ ಸಾಕು. ದುಡ್ಡು ಕೊಟ್ಟು ಕೊಂಡ ಮಟ್ಟಿಗೂ ಅದು ಒಮ್ಮೊಮ್ಮೆ ತಕರಾರು ಎತ್ತುತ್ತದೆ. ಆಗ ತೋರಿಸಬೇಕಾದದ್ದು ಲೈಸೆನ್ಸ್ ಪತ್ರ. ಆದ್ದರಿಂದ ಓದುಗರಲ್ಲಿ ವಿನಂತಿ: ಆ ಪತ್ರವನ್ನು ವಿಡಿಯೋ ಇರುವ ಫೋಲ್ಡರಿನಲ್ಲೇ ಇಡಿ. ಕೊಂಡ ಹುಡುಗ ಕೆಲಸ ಬಿಟ್ಟ ದಿನ ಅವನ ಮೇಲ್ ಐಡಿಯೂ ಮುಚ್ಚಿಹೋಗುತ್ತದೆ.