ಸೂಜಿ ಹಿಡಿಯಲು ಕಲಿಸಿ, ಡಾಕ್ಟರೇ

ಕರ್ನಾಟಕದ ಯುರಾಲಜಿ ವೈದ್ಯರಿಗೆ,

ನಿಮ್ಮಂಥವರ ಕೈಯಲ್ಲಿ ಬದುಕಿ ಬಂದವರ ಮನೆಯಿಂದ ಈ ಪತ್ರ ಬರೆಯುತ್ತಿದ್ದೇನೆ. ನನ್ನ ಗಂಡನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಆಗಿತ್ತು. ಗ್ರಂಥಿ ತೆಗೆದರು, ಕ್ಯಾನ್ಸರ್ ಹೋಯಿತು, ರಕ್ತದಲ್ಲಿ ಪಿಎಸ್‌ಎ ಇವತ್ತಿಗೂ ತಳದಲ್ಲೇ ಇದೆ. ಆ ಋಣ ನಮ್ಮ ಮನೆಯಲ್ಲಿ ಯಾರೂ ಮರೆತಿಲ್ಲ. ಆದರೆ ಆಪರೇಷನ್ ಆದ ಮೇಲೆ ಅವರಿಗೆ ನಿಮಿರುವಿಕೆ ನಿಂತುಹೋಯಿತು. ಅದಕ್ಕೆ ಇಂಜೆಕ್ಷನ್ ಇದೆಯಂತೆ, ಬರೆದುಕೊಡುತ್ತೀರಾ ಎಂದು ಕೇಳಿಕೊಂಡು ಹೋದಾಗ ನಿಮ್ಮಲ್ಲಿ ಹಲವರು ನಡೆದುಕೊಂಡ ರೀತಿ ನೋವು ಕೊಟ್ಟಿತು. ಗಂಡನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಎತ್ತುವುದಿಲ್ಲ.

ಒಬ್ಬರು, 'ಜೀವ ಉಳಿದಿದೆಯಲ್ಲ ಯಜಮಾನ್ರೇ, ಈ ವಯಸ್ಸಲ್ಲಿ ಅದೆಲ್ಲ ಯಾಕೆ' ಎಂದರು. ಇನ್ನೊಬ್ಬರು ನನ್ನ ಮುಖ ನೋಡದೆ, 'ಮೇಡಂ ಸ್ವಲ್ಪ ಹೊರಗೆ ಕೂತಿರಲಿ' ಎಂದರು. ನಾನು ಏಳಲಿಲ್ಲ. ಇದು ಅವರೊಬ್ಬರ ಕಾಯಿಲೆಯಲ್ಲ, ಅದಕ್ಕೇ ಏಳಲಿಲ್ಲ. ನನಗೂ ಆ ಸುಖ ಬೇಕಿತ್ತು, ಬೇಕು. ಅರವತ್ತರ ಹತ್ತಿರದ ಹೆಂಗಸು ಇದನ್ನು ಬಾಯಿಬಿಟ್ಟು ಹೇಳಿದರೆ ನಿಮಗೆ ಮುಜುಗರವಾಗುವುದಾದರೆ, ಡಾ. ಅನುಪಮಾ ನಿರಂಜನ ಕನ್ನಡದಲ್ಲಿ 'ದಾಂಪತ್ಯ ದೀಪಿಕೆ' ಬರೆದು ಎಷ್ಟು ಕಾಲವಾಯಿತು ಎಂದು ಒಮ್ಮೆ ನೆನಪು ಮಾಡಿಕೊಳ್ಳಿ.

ಮಾತ್ರೆ ಕೊಟ್ಟಿದ್ದೇವಲ್ಲ ಎನ್ನುತ್ತೀರಿ. ಸಿಲ್ಡೆನಾಫಿಲ್, ಟಡಾಲಾಫಿಲ್ ಎರಡನ್ನೂ ನುಂಗಿದ್ದಾಯಿತು, ತಲೆನೋವು ಬಂದದ್ದಷ್ಟೇ ಲಾಭ. ಈ ಮಾತ್ರೆ ತಾನಾಗಿ ಏನನ್ನೂ ಶುರು ಮಾಡುವುದಿಲ್ಲ. ನರದ ತುದಿಯಿಂದ ನೈಟ್ರಿಕ್ ಆಕ್ಸೈಡ್ ಹೊರಟರೆ, ಅದರ ಕೆಲಸ ಬೇಗ ಮುಗಿದುಹೋಗದಂತೆ ನೋಡಿಕೊಳ್ಳುತ್ತದೆ, ಅಷ್ಟೆ. ಆ ನರಗಳು ಪ್ರಾಸ್ಟೇಟಿನ ಎರಡೂ ಮಗ್ಗುಲಿಗೆ ಅಂಟಿಕೊಂಡು ಸಾಗುತ್ತವೆ. ಆಪರೇಷನ್ನಿನಲ್ಲಿ ಅವೇ ಪೆಟ್ಟು ತಿಂದಿದ್ದರೆ ಮಾತ್ರೆ ಏನು ಮಾಡೀತು? ನರ ಉಳಿಸಿದರೂ ಅವು ಚೇತರಿಸಿಕೊಳ್ಳಲು ಒಂದೂವರೆ, ಎರಡು ವರ್ಷ ಹಿಡಿಯಬಹುದು ಎನ್ನುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಇನ್ನು ಎದೆನೋವಿಗೆ ನಾಲಿಗೆಯಡಿ ಸಾರ್ಬಿಟ್ರೇಟ್ ಇಟ್ಟುಕೊಳ್ಳುವವರಿಗಂತೂ ಈ ಮಾತ್ರೆ ಕೊಡಲೇಬಾರದು. ಬಿಪಿ ಪಾತಾಳಕ್ಕಿಳಿಯುತ್ತದೆ. ಬೆನ್ನುಹುರಿಗೆ ಏಟು ಬಿದ್ದವರು, ಸಕ್ಕರೆ ಕಾಯಿಲೆಯಿಂದ ನರ, ರಕ್ತನಾಳ ಎರಡೂ ಸೋತವರು ಇಂಜೆಕ್ಷನ್ ಬೇಕಾಗಬಹುದಾದವರ ಸಾಲಿನಲ್ಲಿ ಇವರ ಹಿಂದೆಯೇ ಇದ್ದಾರೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಹೆಚ್ಚು. ಆ ಸಾಲು ಎಷ್ಟು ಉದ್ದವೆಂದು ನೀವೇ ಅಂದಾಜು ಮಾಡಿ.

ಇಂಜೆಕ್ಷನ್‌ಗೆ ನರದ ಅಪ್ಪಣೆ ಬೇಕಿಲ್ಲ. ಮದ್ದು ನೇರವಾಗಿ ಶಿಶ್ನದೊಳಗಿನ ಸ್ನಾಯುವನ್ನು ಸಡಿಲಿಸುತ್ತದೆ, ರಕ್ತ ತುಂಬುತ್ತದೆ, 5ರಿಂದ 20 ನಿಮಿಷದಲ್ಲಿ ಕೆಲಸವಾಗುತ್ತದೆ. ಇದು ನಿನ್ನೆ ಮೊನ್ನೆ ಬಂದ ಪ್ರಯೋಗವೂ ಅಲ್ಲ. 1982ರಲ್ಲಿ ಫ್ರಾನ್ಸಿನ ರೊನಾಲ್ಡ್ ವಿರಾಗ್ ಪಾಪಾವೆರಿನ್ ಚುಚ್ಚಿದರೆ ಹೀಗಾಗುತ್ತದೆ ಎಂದು ಪ್ರಕಟಿಸಿದರು. ಪಾಪಾವೆರಿನ್ ಎಂದರೆ ನಮ್ಮ ಗಸಗಸೆ ಗಿಡದ ಅಫೀಮಿನಿಂದ 1848ರಲ್ಲೇ ಬೇರ್ಪಡಿಸಿದ, ಚಟ ಹಿಡಿಸದ ಮದ್ದು. ಅದೇ 1982ರಲ್ಲಿ ಪ್ರೊಸ್ಟಾಗ್ಲ್ಯಾಂಡಿನ್ ಎಂಬ ರಾಸಾಯನಿಕಗಳ ಸಂಶೋಧನೆಗೆ ನೊಬೆಲ್ ಬಂತು. ಮರುವರ್ಷ ಲಾಸ್ ವೇಗಸ್‌ನಲ್ಲಿ ಬ್ರಿಟನ್ನಿನ ಗೈಲ್ಸ್ ಬ್ರಿಂಡ್ಲಿ ಹೋಟೆಲ್ ಕೋಣೆಯಲ್ಲಿ ತಮಗೆ ತಾವೇ ಚುಚ್ಚಿಕೊಂಡು ಬಂದು, ವೈದ್ಯರು ತುಂಬಿದ ಸಭೆಯ ಮುಂದೆ ಪ್ಯಾಂಟ್ ಇಳಿಸಿ ಪುರಾವೆ ತೋರಿಸಿದರು. ಪ್ರೊಸ್ಟಾಗ್ಲ್ಯಾಂಡಿನ್ ಜಾತಿಯದೇ ಆದ ಆಲ್‌ಪ್ರೊಸ್ಟಡಿಲ್‌ಗೆ ಅಮೆರಿಕ ಈ ಉಪಯೋಗಕ್ಕೆಂದು 1995ರಲ್ಲಿ ಮಂಜೂರಾತಿ ಕೊಟ್ಟಿತು, ವಯಾಗ್ರಕ್ಕೂ 3 ವರ್ಷ ಮೊದಲೇ.

ಈ ಆಲ್‌ಪ್ರೊಸ್ಟಡಿಲ್ ನಮ್ಮ ನಾಡಿನ ಆಸ್ಪತ್ರೆಗಳಿಗೆ ಅಪರಿಚಿತವಲ್ಲ. ಕೆಲವು ಬಗೆಯ ಹೃದಯದ ತೊಂದರೆಯೊಂದಿಗೆ ಹುಟ್ಟುವ ಹಸುಗೂಸುಗಳಿಗೆ, ಆಪರೇಷನ್ ಆಗುವವರೆಗೆ ರಕ್ತದ ದಾರಿ ಮುಚ್ಚದಿರಲಿ ಎಂದು ಕೊಡುವ ಮದ್ದು ಇದೇ. ಆದರೆ ಕೂಸುಗಳ ಐಸಿಯುಗೆಂದು ಬರುವ ಆಂಪೂಲಿನಲ್ಲಿ 500 ಮೈಕ್ರೋಗ್ರಾಂ ಇರುತ್ತದೆ. ಗಂಡಸಿನ ಈ ತೊಂದರೆಗೆ ಶುರುವಿನ ಪ್ರಮಾಣ 2.5 ಮೈಕ್ರೋಗ್ರಾಂ, ನರದ ತೊಂದರೆಯಿದ್ದರೆ ಅದರರ್ಧ. 200 ಪಟ್ಟು ಅಂತರ! ಇದನ್ನು ಅಡುಗೆಮನೆಯ ಕಟ್ಟೆಯ ಮೇಲೆ ಯಾರೂ ಅಳೆಯಲಾಗದು, ಅಳೆಯಲೂಬಾರದು. ಅದಕ್ಕಾಗಿಯೇ ನಿಮ್ಮ ಬಾಗಿಲಿಗೆ ಬರುವುದು.

'ರಿಸ್ಕ್ ಇದೆ' ಎಂದು ನೀವು ಹೇಳುವುದು ನಿಜ. ನಿಮಿರುವಿಕೆ 4 ಗಂಟೆಯಾದರೂ ಇಳಿಯದಿದ್ದರೆ ತುರ್ತು ಪರಿಸ್ಥಿತಿ. ಹಾಗೇ ಬಿಟ್ಟರೆ ಒಳಗಿನ ಅಂಗಾಂಶ ಸಾಯುತ್ತದೆ, ಮತ್ತೆ ಸರಿಯಾಗುವುದಿಲ್ಲ. ಆದರೆ ಅದಕ್ಕೂ ನಿಮ್ಮ ಹತ್ತಿರ ಮದ್ದಿದೆ. ಕಟ್ಟಿದ ರಕ್ತ ಹೊರತೆಗೆಯುತ್ತೀರಿ, ಫಿನೈಲೆಫ್ರಿನ್ ಕೊಡುತ್ತೀರಿ. ಕಾಲ ಮೀರುವ ಮುನ್ನ ಬಂದವರು ಚೇತರಿಸಿಕೊಳ್ಳುತ್ತಾರೆ. ಕಾಲ ಮೀರುವುದು, ಯಾರಿಗೂ ಹೇಳಲಾಗದೆ ಬೆಳಗಾಗಲಿ ಎಂದು ಕಾದು ಕೂತವರಿಗೆ. ಡಾಕ್ಟರೊಬ್ಬರ ಫೋನ್ ನಂಬರ್ ಕೈಯಲ್ಲಿದ್ದವನು ಹಾಗೆ ಕಾಯುತ್ತಾನೆಯೇ? ಚೀಟಿ ಬರೆಯದೆ ಕಳುಹಿಸುವುದೇ ಸುರಕ್ಷಿತ ಎನ್ನುವ ನಿಮ್ಮ ಲೆಕ್ಕವನ್ನು ನಾನು ಒಪ್ಪದಿರುವುದು ಇದಕ್ಕೇ.

ಏಕೆಂದರೆ ನಿಮ್ಮ ಕೋಣೆಯಿಂದ ತಲೆ ತಗ್ಗಿಸಿ ಹೊರಬಂದವರ ಕಣ್ಣಿಗೆ ಬೀಳುವುದು ಬಸ್‌ಸ್ಟ್ಯಾಂಡಿನ ಗೋಡೆ. ಗುಪ್ತರೋಗ, ನಿಶ್ಶಕ್ತಿ, ಒಂದೇ ವಾರದಲ್ಲಿ ಗ್ಯಾರಂಟಿ. ಇಂಥ ಜಾಹೀರಾತನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ, ಗೋಡೆಗಳಿಗೆ ಅದರ ಪರಿವೆಯಿಲ್ಲ. ಗಿಡಮೂಲಿಕೆ ಎಂದು ಮಾರುವ ಪುಡಿ, ಗುಳಿಗೆಗಳಲ್ಲಿ ಅಳತೆಯಿಲ್ಲದೆ ಸಿಲ್ಡೆನಾಫಿಲ್ ಬೆರೆಸಿದ್ದು ಲೋಕದ ನಾನಾ ಕಡೆ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದೆ. ಜೇಬಿನಲ್ಲಿ ಸಾರ್ಬಿಟ್ರೇಟ್ ಇಟ್ಟುಕೊಂಡವನು ಅದನ್ನು ನುಂಗಿದರೆ ಏನಾದೀತು, ಹೇಳಿ.

ನಮಗೆ ಕೊನೆಗೆ ಕಲಿಸಿದ್ದು ವಯಸ್ಸಿನಲ್ಲಿ ಚಿಕ್ಕವರಾದ ಒಬ್ಬ ಡಾಕ್ಟರು. ಇಬ್ಬರನ್ನೂ ಎದುರು ಕೂರಿಸಿಕೊಂಡರು. ಮೊದಲು ಕೇಳಿದ್ದು ರಕ್ತದ ಕಾಯಿಲೆಗಳ ಬಗ್ಗೆ. ಕುಡಗೋಲು ಕಣದ ರಕ್ತಹೀನತೆ ಇದ್ದವರಿಗೆ ಇದನ್ನು ಕೊಡುವಂತಿಲ್ಲವಂತೆ. ಆಮೇಲೆ ರಕ್ತ ತೆಳುವಾಗಿಸುವ ಮಾತ್ರೆ ಇದೆಯೇ ಎಂದು ಕೇಳಿದರು. ಹಾಳೆಯ ಮೇಲೆ ಒಂದು ದುಂಡಗಿನ ಗೆರೆ ಎಳೆದು, ಮೇಲ್ಗಡೆ ನರ, ರಕ್ತನಾಳ, ಕೆಳಗಡೆ ಮೂತ್ರನಾಳ, ಹಾಗಾಗಿ ಚುಚ್ಚುವುದು ಪಕ್ಕಕ್ಕೆ ಮಾತ್ರ ಎಂದು ತೋರಿಸಿದರು. ಇವತ್ತು ಎಡಕ್ಕಾದರೆ ಮುಂದಿನ ಸಲ ಬಲಕ್ಕೆ. ಒಂದೇ ಕಡೆ ಚುಚ್ಚುತ್ತಿದ್ದರೆ ಒಳಗೆ ಗಂಟು ಕಟ್ಟಿ ಬಾಗಿಬಿಡಬಹುದು. ಸೂಜಿ ಇನ್ಸುಲಿನ್‌ನದೇ, ಕೂದಲಿನಷ್ಟು ತೆಳು. ನನ್ನ ಗಂಡನ ಕೈ ನಡುಗುತ್ತಿತ್ತು. ಡಾಕ್ಟರು, 'ಸಾರ್, ಇಲ್ಲಿ ಚರ್ಮ ಎಳೆದು ಹಿಡೀರಿ, ನೇರವಾಗಿ ಬಿಡಿ' ಎಂದು ಮಣಿಕಟ್ಟಿಗೆ ಆಸರೆ ಕೊಟ್ಟರು. ಚುಚ್ಚಿದ ಜಾಗವನ್ನು ಹತ್ತಿಯಿಂದ ಒತ್ತಿ ಹಿಡಿಯುವ ಕೆಲಸ ನನ್ನದಾಯಿತು. ಮೊದಲ ಡೋಸ್ ಅಲ್ಲೇ, ಕಡಿಮೆ ಪ್ರಮಾಣದಲ್ಲಿ. ನಿಮಿರುವಿಕೆ ಇಳಿಯುವವರೆಗೆ ಪಕ್ಕದ ಕೋಣೆಯಲ್ಲಿ ಕೂರಿಸಿದರು, ಮಧ್ಯೆ ಬಂದು ನೋಡಿದರು. ವಾರಕ್ಕೆ 3ಕ್ಕಿಂತ ಹೆಚ್ಚು ಬೇಡ, ಎರಡರ ನಡುವೆ ಒಂದು ದಿನವಾದರೂ ಬಿಡುವಿರಲಿ ಎಂದರು. ಚೀಟಿಯ ಹಿಂದೆ ಫೋನ್ ನಂಬರ್ ಬರೆದು ಅದರ ಕೆಳಗೆ '4 ಗಂಟೆ' ಎಂದು ಎರಡು ಗೆರೆ ಎಳೆದರು.

ಹೊರಬರುವಾಗ ನನ್ನ ಗಂಡ ಅತ್ತುಬಿಟ್ಟರು. ಕ್ಯಾನ್ಸರ್ ಅಂದ ದಿನವೂ ಅಳದಿದ್ದ ಮನುಷ್ಯ.

ಆ ಡಾಕ್ಟರು ಮಾಡಿದ್ದು ನಿಮ್ಮಲ್ಲಿ ಯಾರಿಗೂ ಬಾರದ ವಿದ್ಯೆಯಲ್ಲ. ರೋಬೋಟ್ ಹಿಡಿದು ಹೊಟ್ಟೆಯೊಳಗೆ ಹೊಲಿಗೆ ಹಾಕುವ ಕೈಗಳು ನಿಮ್ಮವು. ಒಪಿಡಿಯಲ್ಲಿ ನೂಕುನುಗ್ಗಲು ಇರುತ್ತದೆ, ಒಪ್ಪುತ್ತೇನೆ. ಹಾಗಿದ್ದರೆ ತಿಂಗಳಲ್ಲಿ ಒಂದು ಮಧ್ಯಾಹ್ನ ಇದಕ್ಕೆಂದೇ ಇಡಿ, ತಿಳಿದ ನರ್ಸ್ ಒಬ್ಬರಿಗೆ ಕಲಿಸಿ. ಆಪರೇಷನ್‌ಗೆ ಮುಂಚೆಯೇ, ಸಹಿ ಹಾಕಿಸಿಕೊಳ್ಳುವ ಹೊತ್ತಿಗೇ, ಹೀಗಾಗಬಹುದು, ಆದರೆ ಇಂಥಿಂಥ ದಾರಿಯಿದೆ ಎಂದು ಗಂಡ ಹೆಂಡತಿ ಇಬ್ಬರಿಗೂ ಹೇಳಿ. ಡಿಸ್ಚಾರ್ಜ್ ಚೀಟಿಯಲ್ಲಿ ಮೂತ್ರದ ನಳಿಕೆ ತೆಗೆಸುವ ತಾರೀಖಿನ ಕೆಳಗೆ ಇದಕ್ಕೂ ಒಂದು ತಾರೀಖು ಬರೆಯಿರಿ. ಸಕ್ಕರೆ ಕಾಯಿಲೆಯವನು ಈ ತೊಂದರೆ ಹೇಳಿಕೊಂಡರೆ ಅವನ ಹೃದಯವನ್ನೂ ಪರೀಕ್ಷೆ ಮಾಡಿಸಿ. ಇಲ್ಲಿಯ ರಕ್ತನಾಳ ಹೃದಯದ್ದಕ್ಕಿಂತ ಸಣ್ಣದು, ಮುಚ್ಚತೊಡಗಿದರೆ ಮೊದಲು ಗೊತ್ತಾಗುವುದು ಇಲ್ಲೇ.

ಇದು ನಿಮ್ಮಿಂದ ಆಗದು ಎನ್ನುವುದಾದರೆ, ಮಾಡುವ ವೈದ್ಯರ ಹೆಸರು, ಊರು ಬರೆದ ಒಂದು ಚೀಟಿಯನ್ನಾದರೂ ಕೊಟ್ಟು ಕಳುಹಿಸಿ.

ಇಂತಿ,
ಹಾಸನದ ಒಬ್ಬ ಹೆಂಡತಿ