ಪಾಳಿ ಮಾಮಾ

ಪಾಳಿ ಮಾಮಾ ಇಂದಿನವರೆಗೆ ಒಂದೇ ಒಂದು ದೊಡ್ಡ ಕಾರ್ಯಕ್ರಮವನ್ನೂ ಒಳಗೆ ಕೂತು ನೋಡಿದವನಲ್ಲ. ಆದರೆ ಟಿಕೀಟಿನ ವಿಷಯ ಬಂತೆಂದರೆ ಕಾಗಲದ ಗೈಬಿ ಚೌಕಿನಲ್ಲಿ ಅವನ ಮಾತಿನ ಮೇಲೆ ಮಾತಿಲ್ಲ. ಯಾವ ಮೈದಾನದಲ್ಲಿ ಎಷ್ಟು ಮಂದಿ ಹಿಡಿಯುತ್ತಾರೆ, ಎಷ್ಟು ಮಂದಿ ಪಾಳಿ ಹಚ್ಚಿದ್ದರು, ಎಷ್ಟು ಮಂದಿ ಬರಿಗೈಲಿ ಮನೆಗೆ ಹೋದರು, ಬ್ಲ್ಯಾಕಿನ ರೇಟು ಎಲ್ಲಿಗೆ ಮುಟ್ಟಿತು, ಎಲ್ಲ ಬಾಯಿಪಾಠ. ಯಾರು ಹಾಡಿದರು, ಏನು ಹಾಡಿದರು ಎಂದು ಕೇಳಿದರೆ ಮಾತ್ರ ಮುಖ ಕಿವುಚುತ್ತಾನೆ. “ಹಾಡೇನ್ರಿ, ಮೊಬೈಲಿನ್ಯಾಗ ಪುಗಸಟ್ಟೆ ಸಿಗತಾವ. ಟಿಕೀಟ ಸಿಗೂದಿಲ್ಲ. ಮಾತಾಡೂದಿದ್ರ ಅದನ್ನ ಮಾತಾಡ್ರಿ.”

ಇಂಥವನೊಬ್ಬ ನಿಪ್ಪಾಣಿಯಲ್ಲೂ ಇದ್ದಾನೆ, ಗಡಹಿಂಗ್ಲಜದಲ್ಲೂ ಇದ್ದಾನೆ. ಹುಡುಕಿದರೆ ಬೆಂಗಳೂರಿನಲ್ಲಿ ಓಣಿಗೊಬ್ಬ ಸಿಕ್ಕಾನು. ಆದರೆ ಅವರೆಲ್ಲ ನಿನ್ನೆ ಮೊನ್ನೆ ಆ್ಯಪು ಬಂದ ಮೇಲೆ ಹುಟ್ಟಿಕೊಂಡವರು. ನಮ್ಮ ಮಾಮಾನದು ಮನೆತನದ ವಿದ್ಯೆ.

ಅವನ ಮುತ್ತಜ್ಜನ ಕಾಲದಲ್ಲಿ ಬಾಲಗಂಧರ್ವರ ಗಂಧರ್ವ ನಾಟಕ ಮಂಡಳಿಗೂ ಕೊಲ್ಹಾಪುರದ ಕೇಶವರಾವ ಭೋಸಲೆಯವರ ಲಲಿತಕಲಾದರ್ಶಕ್ಕೂ ಸ್ಪರ್ಧೆಯೆಂದರೆ ಸ್ಪರ್ಧೆ. ಒಂದು ಮನೆಯಲ್ಲಿ ಅಣ್ಣ ಇವರ ಕಡೆ, ತಮ್ಮ ಅವರ ಕಡೆ. ಅಂಥ ಎರಡು ಕಂಪನಿ ಟಿಳಕ ಸ್ವರಾಜ್ಯ ನಿಧಿಗಾಗಿ ಒಂದಾಗಿ, 1921ರ ಜುಲೈ 8ರಂದು ಮುಂಬೈಯ ಬಾಲಿವಾಲಾ ಥಿಯೇಟರಿನಲ್ಲಿ ‘ಮಾನಾಪಮಾನ’ ಆಡಿದವು. ಬಾಲಗಂಧರ್ವರು ಭಾಮಿನಿ, ಕೇಶವರಾವ ಧೈರ್ಯಧರ. ಅಕ್ಟೋಬರ್ ಬರುವಷ್ಟರಲ್ಲಿ ಕೇಶವರಾವ ತೀರಿಕೊಂಡರು, ಅವರಿಗಿನ್ನೂ ಮೂವತ್ತೊಂದು. ಹೀಗಾಗಿ ಆ ಆಟ ಕಂಡವರು ಪುಣ್ಯವಂತರು ಎಂದು ಲೋಕ ಹೇಳುತ್ತದೆ. ಮಾಮಾ ಒಪ್ಪುವುದಿಲ್ಲ.

“ನಮ್ಮ ಮುತ್ಯಾ ಮಿರಜ ಮ್ಯಾಲೆ ಹಾದು ಮುಂಬೈಗೆ ಹ್ವಾದಾ. ಟಿಕೀಟ ಸಿಗಲಿಲ್ಲ. ರಸ್ತೇದಾಗ ನಿಂತು ಬಂದಾ,” ಎನ್ನುವಾಗ ಅವನ ಎದೆ ಎರಡು ಬೆರಳು ಉಬ್ಬುತ್ತದೆ. ಕೇಳಿದವರೂ ತಲೆದೂಗುತ್ತಾರೆ. ಒಳಗೆ ಕೂತು ಕಂಡ ಒಬ್ಬನ ಹೆಸರೂ ಇವತ್ತು ಕಾಗಲದಲ್ಲಿ ಯಾರಿಗೂ ಗೊತ್ತಿಲ್ಲ. ಹೊರಗೆ ನಿಂತವನ ಕತೆಗೆ ಮಾತ್ರ ನೂರು ವರ್ಷ ದಾಟಿದರೂ ಚಹಾ ಸಿಗುತ್ತದೆ. ದಿನಕ್ಕೆ ಎರಡು ಕಪ್ಪು ಎಂದರೂ ಲೆಕ್ಕ ಹಾಕಿ ನೋಡಿ, ಆ ಟಿಕೀಟಿನ ದುಡ್ಡು ಎಂದೋ ವಸೂಲಾಗಿದೆ.

ಮಾಮಾನ ಸ್ವಂತ ದೀಕ್ಷೆ ಆದದ್ದು 1996ರ ನವೆಂಬರ್ 1ರಂದು. ಮೈಕಲ್ ಜಾಕ್ಸನ್ ಮುಂಬೈಗೆ ಬಂದಿದ್ದ; ಅಂಧೇರಿಯ ಕ್ರೀಡಾ ಸಂಕುಲದಲ್ಲಿ ಕುಣಿತ. ಆಗಿನ್ನೂ ಮೀಸೆ ಚಿಗುರುತ್ತಿದ್ದ ನಮ್ಮ ಮಾಮಾ ರಾತ್ರಿ ಎಸ್‌ಟಿ ಹತ್ತಿ ಹೋದ. “ಗ್ವಾಡಿ ಮ್ಯಾಲಿಂದ ಬೆಳಕ ಕಂಡ್ವಿ. ಆ ಬೆಳಕಿನ ಕೆಳಗ ಅಂವಾ ಇದ್ದಾ.” ಇದಕ್ಕಿಂತ ಹೆಚ್ಚಿಗೆ ಅವನು ಮೈಕಲ್ ಜಾಕ್ಸನ್ ಬಗ್ಗೆ ಎಂದೂ ಹೇಳಿಲ್ಲ. ಗೋಡೆಯ ಬಗ್ಗೆ ಬೇಕಾದರೆ ಅರ್ಧ ತಾಸು ಹೇಳುತ್ತಾನೆ.

ಪಾಳಿಯ ಶಾಸ್ತ್ರ ಇವನಿಗೆ ಕೈವಶವಾದದ್ದು ಕಬ್ಬಿನಿಂದ. ಕಾಗಲದ ಸುತ್ತ ಕಬ್ಬು ಬೆಳೆಯುವವರಿಗೆಲ್ಲ ಗೊತ್ತು, ಬೆಳೆಯುವುದು ಸುಲಭ. ಕಡಿಯುವ ಗ್ಯಾಂಗಿನ ಪಾಳಿ ನಮ್ಮ ಹೊಲಕ್ಕೆ ಬರುವುದು ಕಷ್ಟ. ಲಾವಣಿಯ, ಅಂದರೆ ನಾಟಿಯ, ತಾರೀಖು ಹೇಳುವ ನಂಬರು ಒಂದು, ಕಾರ್ಖಾನೆಯ ಚಿಟ್‌ಬಾಯ್ ಬಾಯಿಂದ ಬರುವ ನಂಬರು ಇನ್ನೊಂದು, ಕೊಯ್ತ ಹೊಲಕ್ಕಿಳಿಯುವ ದಿನ ಮೂರನೆಯದು. ಆ ಮೂರರ ನಡುವೆ ಕಬ್ಬಿಗೆ ತುರಾಯಿ ಬರುತ್ತದೆ, ರೈತನಿಗೆ ಬಿಳಿಗೂದಲು ಬರುತ್ತದೆ. ಇದನ್ನು ಪ್ರತಿ ಹಂಗಾಮಿಗೂ ದಾಟಿದ ಮನುಷ್ಯನಿಗೆ ಮೊಬೈಲಿನ ಪಾಳಿ ಯಾವ ದೊಡ್ಡ ಮಾತು?

ಆ ದೊಡ್ಡ ಮಾತು 2024ರ ಸೆಪ್ಟೆಂಬರ್ 22ರ ರವಿವಾರ ಗೊತ್ತಾಯಿತು. ಕೋಲ್ಡ್‌ಪ್ಲೇ ಎಂಬ ಇಂಗ್ಲೆಂಡಿನ ತಂಡ ಜನವರಿಯಲ್ಲಿ ನವಿ ಮುಂಬೈಯ ಡಿ.ವೈ. ಪಾಟೀಲ ಕ್ರೀಡಾಂಗಣಕ್ಕೆ ಬರುವುದಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಟಿಕೀಟು. ತಂಗಿಯ ಮಗಳು, ಮಾಮಾನ ಸೊಸಿ, ಕೊಲ್ಹಾಪುರದ ಕಾಲೇಜಿನಿಂದ ಗೆಳತಿಯರ ಸಮೇತ ಬಂದಿದ್ದಳು. ಮಾಮಾ ಪಡಸಾಲೆಯಲ್ಲಿ ಚಾಪೆ ಹಾಸಿ ಮನೆಯ ಮೊಬೈಲುಗಳನ್ನೆಲ್ಲ ಸಾಲಾಗಿ ಇಟ್ಟ. ಅತ್ತೆಯದು, ಕಾಕಾನದು, ಹಾಲು ಹಾಕಲು ಬಂದ ಹುಡುಗನದೂ ಬಿಡಲಿಲ್ಲ. ಹನ್ನೆರಡಕ್ಕೆ ಒತ್ತಿದರೆ ಪುಟವೇ ತೆರೆಯಲಿಲ್ಲ. ತೆರೆದಾಗ ಅತ್ತೆಯ ಮೊಬೈಲಿನಲ್ಲಿ ಪಾಳಿ ನಂಬರು ಆರು ಲಕ್ಷ ಚಿಲ್ಲರೆ.

“ಹಿಂದ ಎಷ್ಟ ಮಂದಿ ಅದಾರ ನೋಡ,” ಅಂದ ಮಾಮಾ.

“ಹಿಂದಿನವ್ರನ್ನ ತೋರಿಸೂದಿಲ್ಲ ಮಾಮಾ.”

“ತೋರಿಸೂದಿಲ್ಲಂದ್ರ? ಹಂಗಾದ್ರ ಸಮಾಧಾನ ಹೆಂಗ ಆಗಬೇಕ?”

ಒಂದು ಕೋಟಿ ಮೂವತ್ತು ಲಕ್ಷ ಮಂದಿ ಒಳಬಂದಿದ್ದರೆಂದು ಟಿಕೀಟು ಮಾರುವವರೇ ಆಮೇಲೆ ಹೇಳಿದರು. ಜನವರಿ 18, 19 ಎಂದು ಇದ್ದದ್ದಕ್ಕೆ 21ನ್ನೂ ಸೇರಿಸಿದರು. 2,500ರಿಂದ 35,000ದವರೆಗೆ ಇದ್ದ ಟಿಕೀಟುಗಳು ಸಂಜೆಯೊಳಗೆ ಪರದೇಶಿ ಸೈಟುಗಳಲ್ಲಿ ಲಕ್ಷಗಟ್ಟಲೆಗೆ ಏರಿದವು. ಮುಂಬೈ ಪೊಲೀಸರ ಆರ್ಥಿಕ ಅಪರಾಧ ವಿಭಾಗ ವಿಚಾರಣೆಗೆ ಇಳಿಯಿತು. ಇಷ್ಟು ಸಾಮಗ್ರಿ ಮಾಮಾನಿಗೆ ಒಂದೇ ದಿನ ಎಂದೂ ಸಿಕ್ಕಿರಲಿಲ್ಲ. ಅವನ ಮುಖದ ಮೇಲೆ ಆವತ್ತು ಕಂಡ ಕಳೆಯನ್ನು ನಾನು ಅವನ ಮದುವೆಯ ಫೋಟೋದಲ್ಲೂ ಕಂಡಿಲ್ಲ.

ಒಂದು ಗಂಡಾಂತರ ಮಾತ್ರ ಕೂದಲೆಳೆಯಲ್ಲಿ ತಪ್ಪಿತು. ಹಾಲಿನ ಹುಡುಗನ ಮೊಬೈಲು ಹೇಗೋ ನುಸುಳಿ ಪಾಳಿಯ ತುದಿಗೆ ಹೋಗಿ, ಎರಡು ಟಿಕೀಟು ತೋರಿಸಿ, ದುಡ್ಡು ಕೇಳಿತು. ಹುಡುಗಿಯರು ಕಿರುಚಿದರು. ಮಾಮಾ ಬಿಳಚಿಕೊಂಡ. “ಸಿಕ್ಕೇಬಿಟ್ಟತೇನ? ಸರಿಯಾಗಿ ನೋಡ್ರಿ, ಏನರ ತಪ್ಪ ಆಗಿರಬೇಕ.” ಓಟಿಪಿ ಬರುವುದು ಭಾವನ ಮೊಬೈಲಿಗೆ, ಭಾವ ಎಂಐಡಿಸಿಯ ಕಾರ್ಖಾನೆಯಲ್ಲಿ ಪಾಳಿ ಡ್ಯೂಟಿಯ ಮೇಲೆ, ಮೊಬೈಲು ಲಾಕರಿನೊಳಗೆ. ಗಡುವು ಮುಗಿದು ಪುಟ ಮತ್ತೆ ಮೊದಲಿಗೆ ಬಂದಾಗ ಹುಡುಗಿಯರು ಅತ್ತರು. ಮಾಮಾ ಉಸಿರು ಬಿಟ್ಟು, “ಹೋಗ್ಲಿ ಬಿಡ್ರವಾ, ಚಹಾ ಇಡ್ರಿ,” ಅಂದ.

ಊರಿನಲ್ಲಿ ಒಬ್ಬನಿಗೆ ಟಿಕೀಟು ಸಿಕ್ಕಿತ್ತು. ಎಂಐಡಿಸಿಯಲ್ಲಿ ಕೆಲಸಕ್ಕಿರುವ ಹುಡುಗ. ಹೋಗಿ ನೋಡಿ ಬಂದ. ಕೈಗೆ ಕಟ್ಟಿದ್ದ ಮಿಣಮಿಣ ಪಟ್ಟಿ, ಮೈದಾನವೆಲ್ಲ ಹಳದಿಯಾದದ್ದು, ಎಲ್ಲ ಹೇಳಬೇಕೆಂದು ಚೌಕಿಗೆ ಬಂದರೆ ಅಲ್ಲಿ ಮಾಮಾ ಆರು ಲಕ್ಷದ ಕತೆ ಶುರು ಮಾಡಿದ್ದ. ಹುಡುಗ ಎರಡು ಸಲ ಕೆಮ್ಮಿದ. ಯಾರೋ “ತಮ್ಮಾ, ನಿಂಗ ಎಷ್ಟ ನಂಬರ ಬಂದಿತ್ತ?” ಎಂದು ಕೇಳಿದರು. “ನಂಗ ಲಗೂನ ಸಿಕ್ಕಿತ್ರಿ” ಎಂದ. ಅಲ್ಲಿಗೆ ಅವನ ಕತೆ ಮುಗಿಯಿತು. ಜನವರಿ 26ರ ಅಹಮದಾಬಾದಿನ ಕಾರ್ಯಕ್ರಮ ಆ್ಯಪಿನಲ್ಲೇ ನೇರ ಬಂತು. ಸೊಸಿ ಕರೆದಳು, ಮಾಮಾ ಎದ್ದು ಹೊರಗೆ ಹೋದ. ಪಾಳಿ ಇಲ್ಲದ್ದನ್ನು ಏನು ನೋಡುವುದು?

ಇವನನ್ನು ಬರಿಯ ಹುಚ್ಚ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅದೇ 2024ರ ಆಗಸ್ಟ್ 8ರ ರಾತ್ರಿ ಕೊಲ್ಹಾಪುರದ ಕೇಶವರಾವ ಭೋಸಲೆ ನಾಟ್ಯಗೃಹ ಉರಿದುಹೋಯಿತು. ನಮ್ಮ ಕಾಗಲದ ಘಾಟಗೆ ಮನೆತನದಲ್ಲಿ ಹುಟ್ಟಿ ಕೊಲ್ಹಾಪುರಕ್ಕೆ ದತ್ತು ಹೋದ ಶಾಹೂ ಮಹಾರಾಜರು ಪ್ಯಾಲೇಸ್ ಥಿಯೇಟರ್ ಎಂದು ಕಟ್ಟಿಸಿದ್ದು ಅದು. ಮರುದಿನ ಕೇಶವರಾವರ ಜಯಂತಿ. ಮಾಮಾ ಬೆಳಿಗ್ಗೆಯೇ ಹೋಗಿ ಖಾಸಬಾಗದ ಕಡೆ ನಿಂತು ನೋಡಿ ಬಂದ. ಆವತ್ತು ಚೌಕಿನಲ್ಲಿ ಒಂದು ಅಂಕಿಯನ್ನೂ ಹೇಳಲಿಲ್ಲ.

ಇಂಗ್ಲೆಂಡಿನ ಓಯಸಿಸ್ ತಂಡದ ಸುದ್ದಿ ಮಾಮಾನಿಗೆ ಸಲೀಸಾಗಿ ತಿಳಿಯಿತು. ಇಬ್ಬರು ಅಣ್ಣತಮ್ಮಂದಿರು, 2009ರಲ್ಲಿ ಪ್ಯಾರಿಸ್ಸಿನಲ್ಲಿ ಜಗಳಾಡಿ ತಂಡ ಮುರಿದುಕೊಂಡವರು 2024ರ ಆಗಸ್ಟಿನಲ್ಲಿ ಕೂಡಿ ಹಾಡುತ್ತೇವೆಂದರು. “ಬಾಂದದ ಜಗಳ ಇರಬೇಕ,” ಅಂದ. ಸೊಸಿ ಅಲ್ಲವೆಂದು ಎಷ್ಟು ಹೇಳಿದರೂ ಕೇಳಲಿಲ್ಲ. “ಹದಿನೈದು ವರ್ಷ ಮಾತ ಬಿಟ್ಟ ಅಣ್ಣತಮ್ಮಂದಿರು ಬಾಜೂಕ ಬಾಜೂ ನಿಂದರತಾರ ಅಂದ್ರ ಟಿಕೀಟ ಹೋಗೂದ. ಹಾಡ ಯಾರಿಗೆ ಬೇಕಾಗೇತಿ? ನಮ್ಮ ತಾಲೂಕ ಕೋರ್ಟಿನ್ಯಾಗ ಇಟ್ಟ ನೋಡ್ರಿ, ಪಾಳಿ ಹೈವೇ ಮುಟ್ಟತೈತಿ.” ಆದರೆ 148 ಪೌಂಡಿನ ನಿಂತು ನೋಡುವ ಟಿಕೀಟು, ಮಂದಿ ಪಾಳಿಯಲ್ಲಿದ್ದಾಗಲೇ 355 ಪೌಂಡಾಯಿತೆಂದು ಕೇಳಿ ಮಾತ್ರ ಅವನಿಗೆ ನಿಜವಾಗಿ ಸಿಟ್ಟು ಬಂತು. ಅಲ್ಲಿನ ಸ್ಪರ್ಧಾ ಪ್ರಾಧಿಕಾರ ತನಿಖೆಗಿಳಿದದ್ದು ಕೇಳಿದ ಮೇಲೇ ರಾತ್ರಿ ಊಟ ಸೇರಿತು. ತುಟ್ಟಿಯಾದದ್ದಕ್ಕೆ ಅವನ ತಕರಾರಿಲ್ಲ. ಪಾಳಿಯಲ್ಲಿ ನಿಂತವನಿಗೆ ಒಂದು ಮರ್ಯಾದೆ ಬೇಡವೇ ಎಂಬುದು ಅವನ ಪ್ರಶ್ನೆ.

ಈಗ ನಡೆದಿರುವುದು ಬಿಟಿಎಸ್ ಗದ್ದಲ. ಹಾಡಿ ಕುಣಿಯುವ ಕೊರಿಯಾದ ಏಳು ಹುಡುಗರು. 2022ರ ಡಿಸೆಂಬರಿನಿಂದ ಒಬ್ಬೊಬ್ಬರಾಗಿ ಕಡ್ಡಾಯ ಸೇವೆಗೆ ಹೋದರು. 2025ರ ಜೂನ್ ಹೊತ್ತಿಗೆ ಏಳೂ ಮಂದಿ ಹೊರಗೆ ಬಂದು ಮತ್ತೆ ಕೂಡಿದರು. 2026ರ ಏಪ್ರಿಲ್ 9ರಂದು ಗೊಯಾಂಗ್ ಮೈದಾನದಿಂದ ಲೋಕಸಂಚಾರ ಎಂದು ಸಾರಿದರು. ಸೊಸಿ ನಾಲ್ಕು ವರ್ಷದಿಂದ ಕಾದವಳು. ಅವಳಿಗಿಂತ ಮೊದಲು ಕರಗಿದವನು ಎದುರು ಮನೆಯ ಸುಭೇದಾರ ಅಜ್ಜ. ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿಯಿಂದ ನಿವೃತ್ತನಾದ ಅಜ್ಜನಿಗೆ ಅಲ್ಲಿಯವರೆಗೆ ಆ ಹುಡುಗರ ಕೂದಲಿನ ಬಣ್ಣ ಕಂಡರೆ ಆಗುತ್ತಿರಲಿಲ್ಲ.

“ಪಲ್ಟನ್ನಿಗೆ ಹೋಗಿದ್ರೇನ ಇವ್ರು?”

“ಹೂಂ ಅಜ್ಜಾ, ಆರು ಮಂದಿ ಹದಿನೆಂಟು ತಿಂಗಳ ಸೈನ್ಯದಾಗ ಇದ್ರು. ಒಬ್ಬಂವಂಗ ಭುಜಕ್ಕ ಪೆಟ್ಟಾಗಿತ್ತು, ಅಂವಾ ಸರಕಾರಿ ಕೆಲಸ ಮಾಡಿ ಮುಗಿಸಿದಾ.”

“ಹಂಗಾದ್ರ ಛಲೋ ಮನಿತನದ ಹುಡುಗೂರ. ಬರಲಿ, ನೋಡೂನು.”

ಮೊದಲು ಬಂದ ಪಟ್ಟಿಯಲ್ಲಿ ಬ್ಯಾಂಕಾಕ್ ಇತ್ತು, ಸಿಂಗಾಪುರ ಇತ್ತು, ಜಕಾರ್ತಾ ಇತ್ತು. ಮುಂಬೈ ಇರಲಿಲ್ಲ. ಬೇರೆ ಯಾರಾದರೂ ಇಲ್ಲಿಗೆ ಕೈಬಿಡುತ್ತಿದ್ದರು. ಮಾಮಾ ಅಂಗಡಿಯಿಂದ ಹೊಸ ವಹಿ ತಂದ. “ಬರದಿದ್ರ ಬರದಿದ್ದಷ್ಟ. ಬಂದ್ರ? ಆವಾಗ ಓಡ್ಯಾಡೂದ ಬ್ಯಾಡ. ಈಗ ಹೆಸರ ಬರಸ್ರಿ.” ಮೊದಲನೆಯ ನಂಬರು ಹಿರಿಯರೆಂದು ಸುಭೇದಾರ ಅಜ್ಜನಿಗೆ ಹೋಯಿತು. ಸೊಸಿಗೆ ಎರಡು. ವಾರದೊಳಗೆ ನಲವತ್ತಾರಾಯಿತು, ಅದರಲ್ಲಿ ಅರ್ಧ ಮಂದಿಗೆ ಬಿಟಿಎಸ್ ಎಂದರೆ ಬ್ಯಾಂಕಿನ ಹೊಸ ಸ್ಕೀಮು. ನಲವತ್ತೇಳನೆಯವನಾಗಿ ಬಂದ ಕಿರಾಣಿ ಅಂಗಡಿಯವನು ತನ್ನ ನಂಬರು ನೋಡಿ ಕೆಂಡವಾದ. ಮಗಳಿಗೆ ಮಾತು ಕೊಟ್ಟಿದ್ದನಂತೆ.

“ಮಾಮಾ, ಇನ್ನ ತಾರೀಖ ಸುದ್ದಾ ಬಂದಿಲ್ಲ. ಇಷ್ಟ ಹಿಂದ ಹೆಂಗ ಹ್ವಾದ್ನಿ ನಾ?”

“ಲಗೂನ ಬರಬೇಕಾಗಿತ್ತ,” ಅಂದ ಮಾಮಾ, ವಹಿ ಮುಚ್ಚುತ್ತ.

ಕಿರಾಣಿಯವನು ಬಗ್ಗುವ ಜಾತಿಯಲ್ಲ. ಹನ್ನೆರಡನೆಯ ನಂಬರಿನವನಿಗೆ ನೂರು ರೂಪಾಯಿ ತೋರಿಸಿದ. ಅವನು ಇನ್ನೂರು ಕೇಳಿದ. ಸುದ್ದಿ ಹಬ್ಬಿ ಸಂಜೆಯೊಳಗೆ ಒಂಬತ್ತನೆಯದಕ್ಕೆ ಮುನ್ನೂರಾಯಿತು. ಕೊನೆಗೆ ಅವನು ನೆಟ್ಟಗೆ ಸುಭೇದಾರ ಅಜ್ಜನ ಕಟ್ಟೆಗೇ ಹೋಗಿ, ಚಪ್ಪಲಿ ಬಿಟ್ಟು, ಐದುನೂರರ ನೋಟು ಮುಂದೆ ಇಟ್ಟು ಕೈಮುಗಿದ. ಅಜ್ಜ ನೋಟನ್ನು ಮುಟ್ಟಲಿಲ್ಲ. ಕನ್ನಡಕ ಹಾಕಿಕೊಂಡು ಎದುರು ಮನೆಗೆ ಕೂಗು ಹಾಕಿದ:

“ಯವ್ವಾ ಪೋರಿ, ಆ ಪರದೇಶಿ ಸೈಟಿನ್ಯಾಗ ಏನ ರೇಟ ನಡದೈತಿ, ಸ್ವಲ್ಪ ನೋಡಿ ಹೇಳ.”